ವಿಡಂಬನೆ ಮತ್ತು ಪ್ರಭುತ್ವದ ಪರಿಶೀಲನಾಧಿಕಾರ: ‘ಕಿಸ್ಸಾ ಕುರ್ಸೀ ಕಾ’ದಿಂದ ಶಂಕರಪ್ಪ ಪ್ರಕರಣದವರೆಗೆ

ರಾಜಕೀಯ ಭ್ರಷ್ಟಾಚಾರ ಮತ್ತು ಅಧಿಕಾರದ ದುರ್ಬಳಕೆಯನ್ನು ವಸ್ತುವಾಗಿಸಿಕೊಂಡ ಭಾರತೀಯ ಚಲನಚಿತ್ರಗಳ ಅಧ್ಯಯನ ಬಹುಮಟ್ಟಿಗೆ ಕಥೆ, ಪಾತ್ರ, ಸಂಭಾಷಣೆಗಳ ನೆಲೆಯಲ್ಲಿಯೇ ನಡೆದಿದೆ. ಇಂಥ ಚಿತ್ರಗಳ ಅಳಿವು ಉಳಿವು ನಿರ್ಧಾರವಾದದ್ದು ಮಾತ್ರ ಸರ್ಕಾರದ ಕಡತಗಳಲ್ಲಿ. ಆದ್ದರಿಂದ ಚಿತ್ರದೊಳಗಿನ ಅಧಿಕಾರದಷ್ಟೇ ಚಿತ್ರದ ಮೇಲಣ ಅಧಿಕಾರವೂ ಇತಿಹಾಸಕಾರನ ಲಕ್ಷ್ಯಕ್ಕೆ ಬರಬೇಕಾದುದು.

1952ರ ಸಿನಿಮಾಟೋಗ್ರಾಫ್ ಕಾಯಿದೆಯು ಪ್ರಮಾಣಪತ್ರ ನೀಡುವ ಹೊಣೆಯನ್ನು ಮಂಡಳಿಗೆ ವಹಿಸಿತಾದರೂ ಅಂತಿಮ ಮಾತನ್ನು ಕೇಂದ್ರ ಸರ್ಕಾರದ ಬಳಿಯೇ ಉಳಿಸಿತ್ತು. ಮಂಡಳಿಯ ತೀರ್ಮಾನದ ವಿರುದ್ಧದ ಮೇಲ್ಮನವಿಯೂ ಸರ್ಕಾರಕ್ಕೇ ಹೋಗಬೇಕಿತ್ತು. ಕೆ.ಎ. ಅಬ್ಬಾಸ್ ಅವರು ತಮ್ಮ ಸಾಕ್ಷ್ಯಚಿತ್ರವೊಂದರ ಸಂಬಂಧ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1970ರಲ್ಲಿ ಪೂರ್ವಪರಿಶೀಲನೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಮೇಲ್ಮನವಿಯನ್ನು ಸ್ವತಂತ್ರ ನ್ಯಾಯಮಂಡಳಿಯೊಂದಕ್ಕೆ ಒಪ್ಪಿಸುವ ಭರವಸೆಯನ್ನು ಸರ್ಕಾರವು ಆ ಸಂದರ್ಭದಲ್ಲಿಯೇ ನೀಡಿತ್ತು. ಅಂಥ ನ್ಯಾಯಮಂಡಳಿ ರಚನೆಯಾದದ್ದು 1983ರಲ್ಲಿ. ಈ ನಡುವಣ ಅವಧಿಯಲ್ಲಿಯೇ ‘ಕಿಸ್ಸಾ ಕುರ್ಸೀ ಕಾ’ ಪ್ರಕರಣ ನಡೆಯಿತು.

ಈ ಹಿಂದಿ ಚಿತ್ರದ ನಿರ್ಮಾಪಕ ಹಾಗೂ ನಿರ್ದೇಶಕ ಅಮೃತ್ ನಾಹಟಾ ಹೊರಗಿನವರೇನಲ್ಲ. ರಾಜಸ್ಥಾನದ ಬಾಡ್‌ಮೇರ್ ಕ್ಷೇತ್ರದಿಂದ ಆಯ್ಕೆಯಾಗಿದ್ದ ಕಾಂಗ್ರೆಸ್ ಲೋಕಸಭಾ ಸದಸ್ಯರು. ಗಂಗೂ ಎಂಬ ಸಾಮಾನ್ಯನೊಬ್ಬನನ್ನು ಸ್ವಾರ್ಥಿಗಳ ಕೂಟವೊಂದು ದೇಶದ ಅಧ್ಯಕ್ಷನನ್ನಾಗಿ ಮಾಡುವುದು, ಕುರ್ಚಿಯೇರಿದ ಅವನು ತನ್ನನ್ನು ಏರಿಸಿದವರನ್ನೂ ಮೀರಿ ಬೆಳೆಯುವುದು ಅದರ ಕಥೆ. ‘ಜನತಾ’ ಎಂಬ ಹೆಸರಿನ ಸ್ತ್ರೀಪಾತ್ರ ಮೂಕಿ. ಶಬಾನಾ ಆಜ್ಮಿ ಮಾಡಿದ ಆ ಪಾತ್ರದ ಸಂಕೇತ ತುಸು ಬಹಿರಂಗವಾದದ್ದೆನ್ನಬಹುದು. ಅಧಿಕಾರಸ್ಥರನ್ನು ಕೆರಳಿಸಿದ್ದು ಬಹುಶಃ ಅದಕ್ಕಿಂತ ಚುನಾವಣಾ ಚಿಹ್ನೆಯಾಗಿ ಬರುವ ‘ಜನತೆಯ ಕಾರು’. ಸಂಜಯ್ ಗಾಂಧಿಯವರ ಮಾರುತಿ ಯೋಜನೆ ಅಂದು ಸಂಸತ್ತಿನ ಒಳಗೂ ಹೊರಗೂ ವಿವಾದದ ವಿಷಯವಾಗಿತ್ತು.

1975ರ ಏಪ್ರಿಲ್‌ನಲ್ಲಿ ಚಿತ್ರ ಮಂಡಳಿಯ ಮುಂದೆ ಬಂದಿತು. ಪುನರ್‌ಪರಿಶೀಲನಾ ಸಮಿತಿಯ ಬಹುಮತ ಪ್ರಮಾಣಪತ್ರದ ಪರವಾಗಿದ್ದರೂ ವಿಷಯವನ್ನು ಕೇಂದ್ರ ಸರ್ಕಾರಕ್ಕೆ ಕಳುಹಿಸಲಾಯಿತು. ಸಚಿವಾಲಯವು 51 ಆಕ್ಷೇಪಗಳನ್ನೆತ್ತಿ ನೋಟಿಸು ನೀಡಿತು. ಪಾತ್ರಗಳೆಲ್ಲ ಕಾಲ್ಪನಿಕ, ಯಾವ ಪಕ್ಷವನ್ನೂ ಕುರಿತದ್ದಲ್ಲ ಎಂದು ನಾಹಟಾ ಉತ್ತರಿಸುವ ಹೊತ್ತಿಗೆ ಜೂನ್ 25ರ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಜುಲೈಯಲ್ಲಿ ಪ್ರಮಾಣಪತ್ರ ನಿರಾಕರಣೆಯಾಯಿತು. ಚಿತ್ರದ ಪ್ರತಿಗಳನ್ನೂ ಮೂಲ ನೆಗೆಟಿವನ್ನೂ ಸರ್ಕಾರ ವಶಪಡಿಸಿಕೊಂಡಿತು. ಸರ್ವೋಚ್ಚ ನ್ಯಾಯಾಲಯವು ಚಿತ್ರವನ್ನು ತಾನೇ ನೋಡಬಯಸಿ 1975ರ ನವೆಂಬರ್‌ನಲ್ಲಿ ಪ್ರದರ್ಶನಕ್ಕೆ ದಿನ ಗೊತ್ತುಪಡಿಸಿತು. ಆದರೆ ತೋರಿಸಲು ಚಿತ್ರವೇ ದೊರೆಯಲಿಲ್ಲ.

1977ರ ಸರ್ಕಾರ ಬದಲಾವಣೆಯ ಬಳಿಕ ತನಿಖೆ ನಡೆದು, ಆ ಸಾಮಗ್ರಿಯನ್ನು ಗುಡಗಾಂವ್‌ನ ಮಾರುತಿ ಕಾರ್ಖಾನೆಯ ಆವರಣದಲ್ಲಿ ಸುಡಲಾಯಿತೆಂಬ ಆರೋಪ ಸಂಜಯ್ ಗಾಂಧಿ ಹಾಗೂ ಮಾಜಿ ವಾರ್ತಾ ಮತ್ತು ಪ್ರಸಾರ ಸಚಿವ ವಿ.ಸಿ. ಶುಕ್ಲಾ ಅವರ ಮೇಲೆ ಬಂದಿತು. 1978ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾಕ್ಷಿಗಳ ಮೇಲೆ ಪ್ರಭಾವ ಬೀರಿದ ಆಪಾದನೆಯ ಹಿನ್ನೆಲೆಯಲ್ಲಿ, ಸಂಜಯ್ ಗಾಂಧಿಯವರ ಜಾಮೀನನ್ನು ಒಂದು ತಿಂಗಳ ಮಟ್ಟಿಗೆ ರದ್ದುಗೊಳಿಸಿತು. 1979ರ ಫೆಬ್ರುವರಿ 27ರಂದು ದೆಹಲಿಯ ನ್ಯಾಯಾಲಯ ಇಬ್ಬರಿಗೂ ಶಿಕ್ಷೆ ವಿಧಿಸಿತು. 1980ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ಇಬ್ಬರನ್ನೂ ಬಿಡುಗಡೆ ಮಾಡಿತು. ಸಂಶೋಧಕನಿಗೆ ಎದುರಾಗುವ ತೊಡಕು ಬೇರೆ ಬಗೆಯದು. ನಾಹಟಾ ಮರಳಿ ನಿರ್ಮಿಸಿ 1978ರಲ್ಲಿ ಬಿಡುಗಡೆ ಮಾಡಿದ ಚಿತ್ರವಷ್ಟೇ ಇಂದು ಲಭ್ಯ. 1975ರ ಕೃತಿಯಲ್ಲಿ ಏನಿತ್ತೆಂಬುದಕ್ಕೆ ಮುಖ್ಯ ಆಧಾರ ಆಕ್ಷೇಪಪಟ್ಟಿ ಮತ್ತು ನ್ಯಾಯಾಲಯದ ದಾಖಲೆಗಳು. ಕೃತಿಯನ್ನು ತಡೆದವರ ಟಿಪ್ಪಣಿಯಿಂದಲೇ ಕೃತಿಯನ್ನು ಊಹಿಸಿಕೊಳ್ಳಬೇಕಾಗಿದೆ.

ಅದೇ ವರ್ಷ ಫೆಬ್ರುವರಿಯಲ್ಲಿ ತೆರೆಕಂಡಿದ್ದ ಗುಲ್ಜಾರರ ‘ಆಂಧಿ’ಯೂ ತುರ್ತುಪರಿಸ್ಥಿತಿಯಲ್ಲಿ ನಿಷೇಧಕ್ಕೊಳಗಾಗಿ 1977ರ ನಂತರವೇ ಮತ್ತೆ ಪ್ರೇಕ್ಷಕರನ್ನು ತಲುಪಿತು. ಅದರ ಪ್ರತಿಗಳು ಉಳಿದವು ಎಂಬುದೇ ದೊಡ್ಡ ವ್ಯತ್ಯಾಸ.

ತುರ್ತುಪರಿಸ್ಥಿತಿ ಕೊನೆಗೊಂಡರೂ ಕಾಯಿದೆಯೊಳಗಿನ ಸರ್ಕಾರದ ಮೇಲ್ಗೈ ಕೊನೆಗೊಳ್ಳಲಿಲ್ಲ. ಮಂಡಳಿಯ ಮುಂದಿರುವ ಅಥವಾ ಅದು ತೀರ್ಮಾನಿಸಿದ ಯಾವುದೇ ಚಿತ್ರದ ಕಡತವನ್ನು ಕೇಂದ್ರ ಸರ್ಕಾರ ತಾನಾಗಿಯೇ ತರಿಸಿಕೊಂಡು ಆದೇಶ ನೀಡಲು 6(1)ನೆಯ ಕಲಮು ಅವಕಾಶವಿತ್ತಿತ್ತು. ನ್ಯಾಯಮಂಡಳಿ ಬಂದ ಮೇಲೆ ಅದರ ತೀರ್ಮಾನಗಳಿಗೂ ಈ ಅಧಿಕಾರ ಅನ್ವಯಿಸಿತು. ಇದನ್ನು ಪ್ರಶ್ನಿಸಿದವರು ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪ. 1990ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ಅಧಿಕಾರವನ್ನು ಅಸಾಂವಿಧಾನಿಕವೆಂದಿತು. ಕೇಂದ್ರದ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 2000ದ ನವೆಂಬರ್ 28ರಂದು ತಳ್ಳಿಹಾಕಿತು. ಅರೆನ್ಯಾಯಿಕ ಸಂಸ್ಥೆಯ ತೀರ್ಮಾನದ ಮೇಲೆ ಕಾರ್ಯಾಂಗ ಕೂರುವುದು ಕಾನೂನಿನ ಆಳ್ವಿಕೆಗೆ ವಿರುದ್ಧವೆಂದೂ, ಶಾಂತಿ ಕಾಪಾಡುವುದು ಸರ್ಕಾರದ ಕರ್ತವ್ಯವೇ ಹೊರತು ಚಿತ್ರ ತಡೆಯಲು ನೆಪವಲ್ಲವೆಂದೂ ಅದು ಹೇಳಿತು. ಕರ್ನಾಟಕದ ಚಿತ್ರರಂಗದ ಇತಿಹಾಸಗಳು ಈ ತೀರ್ಪಿಗೆ ಸಲ್ಲಬೇಕಾದ ಸ್ಥಾನವನ್ನು ಇನ್ನೂ ನೀಡಬೇಕಾಗಿದೆ.

2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯನ್ನು ರದ್ದುಪಡಿಸಿ ಆ ಕೆಲಸವನ್ನು ಉಚ್ಚ ನ್ಯಾಯಾಲಯಗಳಿಗೆ ವಹಿಸಲಾಯಿತು. ಅದೇ ವರ್ಷದ ಕರಡು ಮಸೂದೆ ಪರಿಶೀಲನಾಧಿಕಾರವನ್ನು ಮತ್ತೊಂದು ರೂಪದಲ್ಲಿ ತರಲು ಯತ್ನಿಸಿದಾಗ ಚಿತ್ರರಂಗದವರಿಂದ ವ್ಯಾಪಕ ವಿರೋಧ ವ್ಯಕ್ತವಾಯಿತು. 2023ರ ತಿದ್ದುಪಡಿ ಕಾಯಿದೆಯು ಶಂಕರಪ್ಪ ಪ್ರಕರಣದ ತೀರ್ಪಿಗನುಗುಣವಾಗಿ ಆ ಅಧಿಕಾರವನ್ನು ಕಾಯಿದೆಯ ಪುಟದಿಂದ ಕೈಬಿಟ್ಟಿತು.