ಕತ್ತಿ ತಾಗದ ಸಾಕ್ಷ್ಯ

ದಾವಣಗೆರೆ, ಹರಿಹರದ ರಸ್ತೆಗಳಲ್ಲಿ ಬೈಕಿನಿಂದ ಬಿದ್ದು ಸತ್ತವರ ಮನೆಯವರು ಪೋಸ್ಟ್‌ಮಾರ್ಟಂಗೆ ಮುನ್ನ ಬೇಡುವುದು ಒಂದೇ: ‘ತಲೆ ಒಡೆಯಬೇಡಿ, ಬೇಗ ದಫನ್ ಮಾಡಬೇಕು.’ ಮಯ್ಯತ್ತಿಗೂ ನೋವಾಗುತ್ತದೆಂಬ ನಂಬಿಕೆ ಅದು. ಹಿಂದೂಗಳ ಮನೆಯಲ್ಲೂ ಇದೇ ಅಳಲು.

ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲು ಚಿತ್ರಿಸಿದ್ದು ಬದುಕಿದ್ದ ರೋಗಿಯ ಮೆದುಳನ್ನು. ತೊಂಬತ್ತರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಜ್ಞರು ಇಂಥ ಯಂತ್ರಗಳನ್ನು ಶವಪರೀಕ್ಷೆಗೆ ಒಗ್ಗಿಸಿದರು. 2021ರಲ್ಲಿ ದೆಹಲಿಯ ಏಮ್ಸ್ ಅದೇ ದಾರಿ ಹಿಡಿಯಿತು. ಬುರುಡೆಯ ಬಿರುಕು, ಒಳಗಿನ ರಕ್ತಸ್ರಾವ ಕತ್ತಿ ತಾಗದೆಯೇ ಕಾಣುತ್ತವೆ.

ವಿಷ ಮಾತ್ರ ಅದರಲ್ಲಿ ಕಾಣದು. ಸಂಶಯವಿದ್ದಲ್ಲಿ ದೇಹ ತೆರೆಯಲೇಬೇಕು. ಕೊಲೆಯಾದವರಿಗೆ ನ್ಯಾಯ ಸಿಗುವುದೂ ಮಯ್ಯತ್ತಿನ ಹಕ್ಕೇ. ಆದರೆ ಸಂಶಯವಿಲ್ಲದ ಅಪಘಾತದಲ್ಲಿ ಜಿಲ್ಲಾ ಶವಾಗಾರಕ್ಕೂ ಆ ಯಂತ್ರ ಬರಲಿ ಎಂದು ಕೇಳುವುದು ಮೌಢ್ಯವಲ್ಲ, ಸತ್ತವರಿಗೆ ಸಲ್ಲಬೇಕಾದ ಮರ್ಯಾದೆ.