ಬ್ಯಾಲಾಸ್ಟ್ ನೀರು: ಹಡಗಿನಿಂದ ವೇಕ್‌ಬೋರ್ಡಿಂಗ್ ದೋಣಿಯವರೆಗೆ

ದೋಣಿ ಅಥವಾ ಹಡಗು ಬೇಕೆಂದೇ ತೂಕ ಹೆಚ್ಚಿಸಿಕೊಳ್ಳಲು ಒಡಲೊಳಗೆ ತುಂಬಿಕೊಳ್ಳುವ ನೀರಿಗೆ ಬ್ಯಾಲಾಸ್ಟ್ ನೀರು ಎನ್ನುತ್ತಾರೆ. ಹಡಗಿಗೆ ಅದು ಹೊಯ್ದಾಡದೆ ನಿಲ್ಲುವ ಉಪಾಯ. ಹಲಗೆಯ ಮೇಲೆ ನಿಂತ ಸವಾರನನ್ನು ಹಗ್ಗದಿಂದ ಎಳೆಯುವ ವೇಕ್‌ಬೋರ್ಡಿಂಗ್ ದೋಣಿಗೆ ಬೆನ್ನ ಹಿಂದೆ ದೊಡ್ಡ ಅಲೆ ಎಬ್ಬಿಸುವ ಉಪಾಯ. ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯ ಊರಾದ ಯಗಟಿಗೆ ಎರಡೂ ದೂರದ ಮಾತು. ಅಲ್ಲಿಯವರು ಮೋಟಾರು ದೋಣಿ ನೋಡಬೇಕೆಂದರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಗೆ, ಭದ್ರಾ ಜಲಾಶಯಕ್ಕೆ ಹೋಗಬೇಕು. ಹರಿಗೋಲಿನಲ್ಲಾದರೆ ಟ್ಯಾಂಕಿಲ್ಲ, ಪಂಪಿಲ್ಲ. ಅಂಬಿಗ ಜನರನ್ನೇ ಸುತ್ತ ಕೂರಿಸಿ ಭಾರ ಸರಿತೂಗಿಸುತ್ತಾನೆ. ಆದರೂ ಬ್ಯಾಲಾಸ್ಟ್ ನೀರಿನ ಚರಿತ್ರೆಯಲ್ಲಿ ಚಿಕ್ಕಮಗಳೂರು ಜಿಲ್ಲೆಗೆ ಒಂದು ಪಾಲಿದೆ.

ಹಿಂದೆ ಸರಕಿಲ್ಲದೆ ಹೊರಡುವ ಹಡಗಿನ ತಳಕ್ಕೆ ಕಲ್ಲು, ಮರಳು ತುಂಬುತ್ತಿದ್ದರು. ಹೇರುವುದಕ್ಕೂ ಕೂಲಿ, ಇಳಿಸುವುದಕ್ಕೂ ಕೂಲಿ. ಮೇಲೆ ದಿನಗಳ ನಷ್ಟ. 1852ರಲ್ಲಿ ಇಂಗ್ಲೆಂಡಿನ ಜಾರೋದಲ್ಲಿ ನೀರಿಗಿಳಿದ ‘ಜಾನ್ ಬೋಸ್’ ಎಂಬ ಉಗಿ ಹಡಗು ಲಂಡನ್ನಿಗೆ ಕಲ್ಲಿದ್ದಲು ಮುಟ್ಟಿಸಿ, ಬರುವಾಗ ನೀರು ತುಂಬಿಕೊಂಡು ಮರಳತೊಡಗಿತು. ನೀರಾದರೆ ಪಂಪು ಸಾಕು. ಕಬ್ಬಿಣದ ಹಡಗುಗಳಿಗೆ ಎರಡು ಪದರದ ತಳ ಬಂದಮೇಲೆ ಕಲ್ಲಿನ ಕಾಲ ಮುಗಿಯಿತು.

ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದ ಅದರ ಗಣಿಯ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಆ ಬಂದರಿರುವ ಪಣಂಬೂರು ಸೇರುತ್ತಿತ್ತು. ಅದನ್ನು ಒಯ್ಯಲು ಬರುತ್ತಿದ್ದ ಹಡಗು ಬರಿದಾಗಿ ಬರುವಂತಿರಲಿಲ್ಲ: ಪ್ರೊಪೆಲ್ಲರ್ ನೀರಿನಿಂದ ಮೇಲೆದ್ದೀತು, ಚುಕ್ಕಾಣಿ ಹಿಡಿತಕ್ಕೆ ಸಿಗದು. ಹಾಗಾಗಿ ಅದು ಬೇರೆಡೆಯ ಕಡಲ ನೀರು ಹೊತ್ತು ಬಂದು, ಅದಿರು ಬಿದ್ದ ಹಾಗೆಲ್ಲ ಟ್ಯಾಂಕುಗಳನ್ನು ಒಂದೊಂದಾಗಿ ಖಾಲಿ ಮಾಡಬೇಕಿತ್ತು. ಒಂದು ಕಡೆ ಆತುರಪಟ್ಟರೆ ಒಡಲೇ ಬಾಗುತ್ತದೆ. ಗುಡ್ಡ ಕೊಟ್ಟು ಉಪ್ಪುನೀರು ಪಡೆದ ವ್ಯಾಪಾರ ಎಂದರೂ ತಪ್ಪಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿತು.

ಬ್ಯಾಲಾಸ್ಟ್ ನೀರಿನೊಡನೆ ಜೀವಿಗಳೂ ಬರುತ್ತವೆ. ಯುರೋಪಿನಿಂದ ಹೀಗೆ ಬಂದ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ 1988ರಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿ ಕಾಣಿಸಿಕೊಂಡು, ಮುಂದೆ ನೀರು ಸರಬರಾಜಿನ ಕೊಳವೆಗಳೇ ಕಟ್ಟಿಕೊಳ್ಳುವಂತೆ ಮಾಡಿತು. ಇಂಥ ಜೀವಿಗಳು ಹರಡುವುದನ್ನು ತಡೆಯಲು ಬ್ಯಾಲಾಸ್ಟ್ ನೀರಿನ ಅಂತಾರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು, 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಅದಕ್ಕೆ ಮುನ್ನ ನಡೆದ ಪ್ರಾಯೋಗಿಕ ಯೋಜನೆಗೆ ಆಯ್ದ ಆರು ಬಂದರುಗಳಲ್ಲಿ ಮುಂಬೈ ಒಂದು.

ವೇಕ್‌ಬೋರ್ಡಿಂಗ್ ಬಹಳ ಈಚಿನ ಆಟ. 1985ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಫಿನ್ ‘ಸ್ಕರ್ಫರ್’ ಹಲಗೆ ತಂದರು. 1990ರ ಸುಮಾರಿಗೆ ಹರ್ಬ್ ಓಬ್ರಿಯನ್ ಅವರ ‘ಹೈಪರ್‌ಲೈಟ್’ ಬಂತು. ದೋಣಿ ನೀರಿನಲ್ಲಿ ಆಳಕ್ಕೆ ಕೂತಷ್ಟೂ ಹಿಂದಿನ ಅಲೆ ಎತ್ತರ, ಸವಾರನ ಜಿಗಿತವೂ ಎತ್ತರ. ಮೊದಮೊದಲು ಸೀಸದ ಗಟ್ಟಿ, ಮರಳಿನ ಮೂಟೆ, ಇಲ್ಲವೇ ದಪ್ಪನೆಯ ಗೆಳೆಯರನ್ನು ಹಿಂದಿನ ಸೀಟಿಗೆ ಹೇರುತ್ತಿದ್ದರು. ಆಮೇಲೆ ‘ಫ್ಯಾಟ್ ಸ್ಯಾಕ್’ ಎಂಬ ದಪ್ಪ ಪ್ಲಾಸ್ಟಿಕ್ ಚೀಲಗಳೂ ಕಂಪನಿಯಲ್ಲೇ ಕೂರಿಸಿಕೊಟ್ಟ ಟ್ಯಾಂಕುಗಳೂ ಬಂದವು.

ಆ ಟ್ಯಾಂಕು ಸಾಲದೆಂದು ಚೀಲ ಸೇರಿಸುವುದು ದೋಣಿಯವರ ಮಾಮೂಲಿ ಸುಧಾರಣೆ. ಗಂಟೆಗೆ 3000 ಲೀಟರ್ ಎತ್ತುವ ಪಂಪಿಗೆ 500 ಲೀಟರಿನ ಚೀಲ ತುಂಬಲು 10 ನಿಮಿಷ ಬೇಕು; ತುಂಬಿದರೆ ಅರ್ಧ ಟನ್. ರಬ್ಬರ್ ರೆಕ್ಕೆಯ ಪಂಪು ತಿರುವುಮುರುವು ಎರಡೂ ಕಡೆ ನೀರು ನೂಕುತ್ತದೆ, ಆದರೆ ಒಣಗಿ ಓಡಿದರೆ ರೆಕ್ಕೆ ಸುಟ್ಟುಹೋಗುತ್ತದೆ. ಇನ್ನೊಂದು ಬಗೆಯ ಪಂಪಿಗೆ ಆ ಭಯ ಕಡಿಮೆ. ಅದನ್ನು ನೀರಿನ ಮಟ್ಟದಿಂದ ಕೆಳಗೇ ಕೂರಿಸಬೇಕು, ಗಾಳಿ ಸಿಕ್ಕಿಕೊಂಡರೆ ಎತ್ತುವುದೇ ಇಲ್ಲ. ಅರೆ ತುಂಬಿದ ಚೀಲ ಇನ್ನೂ ಅಪಾಯ: ತಿರುವಿನಲ್ಲಿ ನೀರೆಲ್ಲ ಒಂದೇ ಮಗ್ಗುಲಿಗೆ ನುಗ್ಗುತ್ತದೆ. ಭಾರ ಹೆಚ್ಚಿದ ಮೇಲೆ ಪ್ರೊಪೆಲ್ಲರನ್ನೂ ಬದಲಿಸಬೇಕಾಗುವುದುಂಟು. ತಯಾರಕರು ಹೇಳಿದ ತೂಕದ ಮಿತಿಯನ್ನು ಮರೆಯುವವರೇ ಹೆಚ್ಚು ಎಂಬುದು ಬೇರೆ ಮಾತು.

ಹಡಗಿನ ರೋಗ ದೋಣಿಗೂ ಅಂಟಿದೆ. ಎಷ್ಟೇ ಹಿಂಡಿದರೂ ಟ್ಯಾಂಕಿನ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತದೆ. ಟ್ರೈಲರ್ ಹತ್ತಿದ ದೋಣಿ ಅದನ್ನು ಮುಂದಿನ ಸರೋವರಕ್ಕೆ ಮುಟ್ಟಿಸುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯ 2024ರಲ್ಲಿ ಇದಕ್ಕೆ ನಿಯಮ ಮಾಡಿತು: ಇಂಥ ಪ್ರತಿ ದೋಣಿಗೂ ವರ್ಷಕ್ಕೆ ಒಂದೇ ‘ತವರು ಸರೋವರ’, ಬೇರೆ ಸರೋವರಕ್ಕೆ ಇಳಿಸುವ ಮುನ್ನ ದೋಣಿಯನ್ನು ಸೋಂಕುಮುಕ್ತಗೊಳಿಸಿರಬೇಕು. ದೊಡ್ಡ ಅಲೆಗೆ ದಡ ಕುಸಿಯದಿರಲೆಂದು ತೀರದಿಂದ ಕನಿಷ್ಠ 500 ಅಡಿ ದೂರ, 20 ಅಡಿ ಆಳ ಇರುವಲ್ಲಿ ಮಾತ್ರ ಆಟಕ್ಕೆ ಅನುಮತಿ.