40 ಶಿಲಿಂಗ್‌ನ ಮತದಾರರು: ಕ್ಲೇರ್ ಕ್ಷೇತ್ರದ ಕತೆ

ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ, ಆದರೆ ಗೆದ್ದರೆ ಸಂಸತ್ತಿನೊಳಗೆ ಕೂರುವಂತಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನ ಕ್ಯಾಥೊಲಿಕರ ಸ್ಥಿತಿ ಹೀಗಿತ್ತು. ಜನಸಂಖ್ಯೆಯಲ್ಲಿ ಅವರೇ ಬಹುಪಾಲು. 1793ರಲ್ಲಿ ಅವರಿಗೆ ಮತದ ಹಕ್ಕು ಸಿಕ್ಕಿತ್ತು. ಆದರೆ ಸದಸ್ಯನಾಗುವವನು ಕ್ಯಾಥೊಲಿಕ್ ನಂಬಿಕೆಗಳನ್ನೇ ತಳ್ಳಿಹಾಕುವ ಪ್ರಮಾಣವಚನ ಸ್ವೀಕರಿಸಬೇಕಿತ್ತು. ಹಾಗಾಗಿ ಮತ ಹಾಕುವವರು ಕ್ಯಾಥೊಲಿಕರು, ಗೆಲ್ಲುವವರು ಪ್ರಾಟೆಸ್ಟೆಂಟ್ ಜಮೀನ್ದಾರರು. ಈ ಏರ್ಪಾಟು ಮುರಿದುಬಿದ್ದದ್ದು ಪಶ್ಚಿಮ ಕರಾವಳಿಯ ಕ್ಲೇರ್ ಎಂಬ ಕ್ಷೇತ್ರದಲ್ಲಿ.

1801ರಲ್ಲಿ ಐರ್ಲೆಂಡಿನ ಸ್ವಂತ ಸಂಸತ್ತು ರದ್ದಾಗಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ 100 ಐರಿಷ್ ಸದಸ್ಯರು ಹೋಗತೊಡಗಿದರು. ಪ್ರತಿ ಕೌಂಟಿಗೂ ಎರಡು ಸ್ಥಾನ. ಕ್ಲೇರ್ ಕೌಂಟಿಗೂ ಎರಡು. ಅಲ್ಲಿ ಮತದ ಹಕ್ಕಿಗೆ ಬೇಕಾದದ್ದು ಜೀವಾವಧಿ ಗೇಣಿಯ ತುಂಡು ನೆಲ, ಗೇಣಿ ಕಳೆದು ವರ್ಷಕ್ಕೆ 40 ಶಿಲಿಂಗ್, ಅಂದರೆ ಎರಡು ಪೌಂಡ್ ಬೆಲೆಬಾಳುವಂಥದ್ದು. ಈ ಗೇಣಿ ನಮ್ಮ ಕರಾವಳಿಯ ಮೂಲಗೇಣಿಯಂತೆ ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದಲ್ಲ. ಚಾಲಗೇಣಿಯಂತೆ ಒಡೆಯನ ಇಷ್ಟ ಬಂದಾಗ ಬಿಡಿಸುವಂಥದ್ದೂ ಅಲ್ಲ. ಕರಾರಿನಲ್ಲಿ ಹೆಸರಿಸಿದ ವ್ಯಕ್ತಿ ಬದುಕಿರುವಷ್ಟು ಕಾಲ ಮಾತ್ರ ಅದರ ಆಯಸ್ಸು.

ಜಮೀನ್ದಾರರು ಇಂಥ ಗೇಣಿಗಳನ್ನು ಧಾರಾಳವಾಗಿ ಕೊಟ್ಟರು. ಒಕ್ಕಲು ಹೆಚ್ಚಿದಷ್ಟೂ ಮತ ಹೆಚ್ಚು, ಮತ ಹೆಚ್ಚಿದಷ್ಟೂ ಸರ್ಕಾರದಲ್ಲಿ ತೂಕ ಹೆಚ್ಚು. ಆಗ ಗುಪ್ತ ಮತದಾನ ಇರಲಿಲ್ಲ. ರೈತ ಎಲ್ಲರೆದುರು ನಿಂತು ತನ್ನ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು, ಒಡೆಯನ ಕಡೆಯವರು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ಗೇಣಿ ಬಾಕಿ ಇಲ್ಲದ ರೈತ ಅಪರೂಪ. ಹೆಸರು ತಪ್ಪಿದರೆ ಮರುದಿನವೇ ಬಾಕಿಯ ಲೆಕ್ಕ ಹೊರಗೆ ಬರುತ್ತಿತ್ತು.

1823ರಲ್ಲಿ ವಕೀಲ ಡೇನಿಯಲ್ ಓಕಾನೆಲ್ ಮತ್ತು ಸಂಗಡಿಗರು ಕ್ಯಾಥೊಲಿಕ್ ಅಸೋಸಿಯೇಷನ್ ಕಟ್ಟಿದರು. ಮರುವರ್ಷದಿಂದ ತಿಂಗಳಿಗೆ ಒಂದು ಪೆನ್ನಿಯಂತೆ ವಂತಿಗೆ ಎತ್ತತೊಡಗಿದರು. ಪೆನ್ನಿ ಕೊಟ್ಟ ಬಡವನೂ ಸಂಘಟನೆಯವನೇ ಆದ. 1826ರಲ್ಲಿ ವಾಟರ್‌ಫರ್ಡ್ ಕೌಂಟಿಯ ರೈತರು ಬೆರೆಸ್‌ಫರ್ಡ್ ಮನೆತನದ ಅಭ್ಯರ್ಥಿಯನ್ನು ಸೋಲಿಸಿದರು. ಆದರೆ ಅಲ್ಲಿ ಗೆದ್ದವನೂ ಪ್ರಾಟೆಸ್ಟೆಂಟನೇ.

1828ರಲ್ಲಿ ಕ್ಲೇರ್‌ನ ಸದಸ್ಯ ವೆಸಿ ಫಿಟ್ಜ್‌ಜೆರಾಲ್ಡ್ ಮಂತ್ರಿಯಾದ. ಮಂತ್ರಿ ಪದವಿ ಪಡೆದವನು ಮತ್ತೆ ಜನರ ಮುಂದೆ ನಿಲ್ಲಬೇಕೆಂಬ ನಿಯಮ ಆಗ ಇತ್ತು. ಆತ ಕೆಟ್ಟ ಜಮೀನ್ದಾರನಲ್ಲ, ಕ್ಯಾಥೊಲಿಕರ ಬೇಡಿಕೆಯ ಪರವೇ ಇದ್ದವನು. ಆದರೂ ಅವನೆದುರು ಓಕಾನೆಲ್ ತಾನೇ ನಿಂತ. ಅವನ ಹೆಸರನ್ನು ಸೂಚಿಸಿದವನು ಓಗಾರ್ಮನ್ ಮಹೋನ್ ಎಂಬ ಯುವಕ, ಅನುಮೋದಿಸಿದವನು ಟಾಮ್ ಸ್ಟೀಲ್ ಎಂಬ ಪ್ರಾಟೆಸ್ಟೆಂಟ್ ಜಮೀನ್ದಾರ. ಎನ್ನಿಸ್ ಪಟ್ಟಣಕ್ಕೆ ಹಳ್ಳಿಗಳಿಂದ ರೈತರು ಸಾಲುಸಾಲಾಗಿ ಬಂದರು, ಎಷ್ಟೋ ಕಡೆ ಪಾದ್ರಿಗಳೇ ಮುಂದೆ ನಡೆದರು. ಗಲಾಟೆಗೆ ಆಸ್ಪದ ಕೊಡಬಾರದೆಂದು ಹೆಂಡ ಮುಟ್ಟದಂತೆ ಕಟ್ಟುಪಾಡು ಮಾಡಿಕೊಂಡಿದ್ದರು. ಜುಲೈ 5ರಂದು ಎಣಿಕೆ ಮುಗಿದಾಗ ಓಕಾನೆಲ್‌ಗೆ 2,057, ಫಿಟ್ಜ್‌ಜೆರಾಲ್ಡ್‌ಗೆ 982 ಮತ ಬಂದಿದ್ದವು.

ಪ್ರಧಾನಿ ವೆಲಿಂಗ್ಟನ್ ಮತ್ತು ಗೃಹಮಂತ್ರಿ ರಾಬರ್ಟ್ ಪೀಲ್‌ಗೆ ಲೆಕ್ಕ ಅರ್ಥವಾಯಿತು. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಇದು ಕೌಂಟಿ ಕೌಂಟಿಯಲ್ಲೂ ನಡೆದರೆ ತಡೆಯುವವರಿಲ್ಲ, ಬಲ ಪ್ರಯೋಗಿಸಿದರೆ ಅಂತರ್ಯುದ್ಧ. ಇಬ್ಬರೂ ವರ್ಷಗಟ್ಟಲೆ ವಿರೋಧಿಸಿದ್ದ ಸುಧಾರಣೆಯನ್ನು ತಾವೇ ತಂದರು. 1829ರ ಏಪ್ರಿಲ್ 13ರಂದು ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು.

ಅದರ ಜೊತೆಗೇ ಇನ್ನೊಂದು ಕಾಯ್ದೆ ಬಂತು. ಐರಿಷ್ ಕೌಂಟಿಗಳಲ್ಲಿ ಮತದ ಅರ್ಹತೆ ಎರಡು ಪೌಂಡ್‌ನಿಂದ ಹತ್ತು ಪೌಂಡ್‌ಗೆ ಏರಿತು. ಸುಮಾರು 2,16,000 ಇದ್ದ ಮತದಾರರು ಸುಮಾರು 37,000ಕ್ಕೆ ಇಳಿದರು. ಎನ್ನಿಸ್‌ನಲ್ಲಿ ಒಡೆಯನೆದುರೇ ಓಕಾನೆಲ್‌ನ ಹೆಸರು ಹೇಳಿದ್ದ ರೈತರಲ್ಲಿ ಬಹುಪಾಲು ಜನರ ಮತ ಹೋಯಿತು. ಸಂಸತ್ತಿಗೆ ಹೋಗುವ ಹಕ್ಕು ಸಿಕ್ಕಿದ್ದು ಅನುಕೂಲಸ್ಥ ಕ್ಯಾಥೊಲಿಕರಿಗೆ, ಅದಕ್ಕೆ ಬೆಲೆ ತೆತ್ತವರು ಬಡ ಕ್ಯಾಥೊಲಿಕರು. 1825ರಲ್ಲೇ ಇಂಥ ಒಂದು ರಾಜಿಗೆ ಓಕಾನೆಲ್ ಒಪ್ಪಿದ್ದ, ವಾಟರ್‌ಫರ್ಡ್ ರೈತರ ಧೈರ್ಯ ಕಂಡ ಮೇಲೆ ಪಶ್ಚಾತ್ತಾಪಪಟ್ಟಿದ್ದ. 1829ರಲ್ಲಿ ವಿರೋಧದ ಮಾತಾಡಿದನೇ ಹೊರತು ಇದಕ್ಕಾಗಿ ಜನರನ್ನು ಎಬ್ಬಿಸಲಿಲ್ಲ.

ಹೊಸ ಕಾಯ್ದೆ ಹಳೆಯ ಗೆಲುವಿಗೆ ಅನ್ವಯಿಸುತ್ತಿರಲಿಲ್ಲ. ಮೇ 15ರಂದು ಸಂಸತ್ತಿನಲ್ಲಿ ಹಳೆಯ ಪ್ರಮಾಣವಚನವನ್ನು ಮುಂದಿಟ್ಟಾಗ ಓಕಾನೆಲ್ ನಿರಾಕರಿಸಿದ, ಕ್ಲೇರ್‌ಗೆ ಮರಳಿ ಮತ್ತೆ ನಿಂತ. ಈ ಸಲ ಅವನೆದುರು ಯಾರೂ ಇರಲಿಲ್ಲ. ಅವನನ್ನು ಮೊದಲು ಗೆಲ್ಲಿಸಿದವರ ಮತವೂ ಬೇಕಾಗಲಿಲ್ಲ.

ಮತವಿಲ್ಲದ ಸಣ್ಣ ಒಕ್ಕಲನ್ನು ಇಟ್ಟುಕೊಳ್ಳಲು ಜಮೀನ್ದಾರನಿಗೆ ಒಂದು ಕಾರಣ ಕಡಿಮೆಯಾಯಿತು ಎಂಬ ವಾದವಿದೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಆವರಿಸಿದಾಗ ಅತಿ ಹೆಚ್ಚು ನಲುಗಿದ ಪ್ರದೇಶಗಳಲ್ಲಿ ಕ್ಲೇರ್ ಒಂದು. ಅದರ ಪಶ್ಚಿಮದ ಕಿಲ್‌ರಶ್ ಸುತ್ತಮುತ್ತ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ಕೆಡವಿದರು.

ಗುಪ್ತ ಮತದಾನ ಬಂದದ್ದು 1872ರಲ್ಲಿ. 1884ರ ಸುಧಾರಣೆ ಹಳ್ಳಿಯ ಸಾಮಾನ್ಯ ಮನೆಗಳ ಯಜಮಾನರಿಗೂ ಮತ ಕೊಟ್ಟಿತು. 1885ರಲ್ಲಿ ಕ್ಲೇರ್ ಕ್ಷೇತ್ರ ರದ್ದಾಗಿ ಪೂರ್ವ ಮತ್ತು ಪಶ್ಚಿಮ ಕ್ಲೇರ್ ಎಂದು ಎರಡಾಯಿತು. ಅಖಂಡ ಕ್ಲೇರ್‌ನ ಕೊನೆಯ ಇಬ್ಬರು ಸದಸ್ಯರಲ್ಲಿ ಒಬ್ಬ, 1828ರಲ್ಲಿ ಓಕಾನೆಲ್‌ನ ಹೆಸರು ಸೂಚಿಸಿದ್ದ ಅದೇ ಓಗಾರ್ಮನ್ ಮಹೋನ್. ಆಗ ಆತ ಎಂಬತ್ತು ದಾಟಿದ ಮುದುಕ.

1917ರ ಜೂನ್‌ನಲ್ಲಿ ಪೂರ್ವ ಕ್ಲೇರ್‌ನ ಸದಸ್ಯ ವಿಲಿ ರೆಡ್ಮಂಡ್ ಬ್ರಿಟಿಷ್ ಸೈನ್ಯದಲ್ಲಿದ್ದು ಬೆಲ್ಜಿಯಮ್‌ನ ಮೆಸೀನ್‌ನಲ್ಲಿ ಸತ್ತ. ಉಪಚುನಾವಣೆಗೆ ನಿಂತವನು 1916ರ ಡಬ್ಲಿನ್ ದಂಗೆಯಲ್ಲಿ ಮರಣದಂಡನೆಯಿಂದ ಪಾರಾಗಿ, ಆಗಷ್ಟೇ ಜೈಲಿನಿಂದ ಬಿಡುಗಡೆಯಾಗಿದ್ದ ಏಮನ್ ಡಿ ವಲೇರಾ. ಗೆದ್ದರೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವುದಿಲ್ಲ ಎಂಬುದೇ ಅವನ ಪಕ್ಷದ ನಿಲುವು. 5,010 ಮತ ಅವನಿಗೆ, 2,035 ಎದುರಾಳಿ ಪ್ಯಾಟ್ರಿಕ್ ಲಿಂಚ್‌ಗೆ. 89 ವರ್ಷಗಳ ಹಿಂದೆ ಯಾವ ಸಭೆಯ ಬಾಗಿಲು ತೆರೆಯಲೆಂದು ಕ್ಲೇರ್‌ನ ರೈತರು ಗೇಣಿಯನ್ನೇ ಪಣಕ್ಕಿಟ್ಟಿದ್ದರೋ, ಆ ಸಭೆಯೇ ಬೇಡವೆಂದು ಈಗಿನ ಮತದಾರರು ಹೇಳಿದರು. 1919ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ಐರಿಷರ ಸ್ವಂತ ಸಭೆ ಸೇರಿತು. 1922ರಲ್ಲಿ ಪೂರ್ವ ಮತ್ತು ಪಶ್ಚಿಮ ಕ್ಲೇರ್ ಎರಡೂ ವೆಸ್ಟ್‌ಮಿನ್‌ಸ್ಟರ್‌ನ ಪಟ್ಟಿಯಿಂದ ಹೊರಬಿದ್ದವು.

ಎನ್ನಿಸ್‌ನ ನಡುವೆ ಎತ್ತರದ ಕಂಬದ ಮೇಲೆ ಇಂದಿಗೂ ಓಕಾನೆಲ್‌ನ ಪ್ರತಿಮೆಯಿದೆ. 1828ರ ಗೆಲುವನ್ನು ಅವನ ಹೆಸರಿನಲ್ಲಿ ನೆನೆಯುವುದು ಸಹಜವೇ. ಆದರೆ ಅದನ್ನು ತಂದುಕೊಟ್ಟದ್ದು ಒಡೆಯನೆದುರು ಜೋರಾಗಿ ಹೇಳಿದ 2,057 ಉತ್ತರಗಳು, ಮತ್ತು ಮರುವರ್ಷ ಆ ಉತ್ತರ ಕೊಟ್ಟವರನ್ನು ಯಾರೂ ಏನೂ ಕೇಳಲಿಲ್ಲ.